ಮಗೂನ ತೊಡಿ ಮ್ಯಾಲ ಹಿಡ್ಕೊಂಡ್ರ ಸಾಕಾ? ಸತ್ಯಾಂಶ ನೋಡ್ರಿ

ಊರೊಳಗ ನಿಧಾನಕ್ಕ ಹೋಗುವಾಗ ಕಾರಿನ್ಯಾಗ ಸಣ್ಣ ಮಗೂಗೆ ಬೆಲ್ಟು, ಸೀಟು ಏನೂ ಬ್ಯಾಡ, ತಾಯಿ ಗಟ್ಟಿಯಾಗಿ ಹಿಡ್ಕೊಂಡ್ರ ಸಾಕು ಅನ್ನೋ ಮೆಸೇಜ್ ವಾಟ್ಸಾಪ್‌ನ್ಯಾಗ ಮತ್ತ ಮತ್ತ ಬರ್ತೈತಿ. ಕಳಿಸೋರು ಮಕ್ಕಳ ಕಾಳಜಿಯಿಂದನ ಕಳಿಸ್ತಾರ, ಆದ್ರ ವಿಷಯ ತಪ್ಪೈತಿ.

ಮಗು 10 ಕೆಜಿ, ಅಷ್ಟು ಹಿಡಿಯೋದೇನು ದೊಡ್ಡದು ಅನಸ್ತೈತಿ, ಆದ್ರ ಗಾಡಿ ಗುದ್ದಿದಾಗ ಕೈ ತಡೀಬೇಕಾಗಿರೋದು ಬರೇ ತೂಕಾನಲ್ಲ, ಸಂವೇಗಾನ, ಅಂದ್ರ ತೂಕಾನ ಸ್ಪೀಡಿನಿಂದ ಗುಣಿಸಿದ್ರ ಬರೋದು. ಕೊಪ್ಪಳ ಪ್ಯಾಟಿಯೊಳಗ ಕಾರು ತಾಸಿಗೆ 36 ಕಿಮೀ ಸ್ಪೀಡಿನ್ಯಾಗ ಹೊಂಟೈತಿ ಅನ್ಕೊಳ್ರಿ, 3.6ರಿಂದ ಭಾಗಿಸಿದ್ರ ಸೆಕೆಂಡಿಗೆ 10 ಮೀಟರ್ ಆತು, ಅದನ್ನ 10 ಕೆಜಿಗೆ ಗುಣಿಸಿದ್ರ ಸಂವೇಗ 100. ಗುದ್ದಿ ನಿಲ್ಲಾಕ 0.1 ಸೆಕೆಂಡ್ ಹಿಡೀತು ಅಂದ್ರ 100ನ್ನ 0.1ರಿಂದ ಭಾಗಿಸ್ರಿ, ಬಲ 1000 ನ್ಯೂಟನ್. ಹೆಚ್ಚುಕಮ್ಮಿ ಒಂದು ಕ್ವಿಂಟಲ್ ಜ್ವಾಳ ಎತ್ತಿ ಹಿಡಿಯೋವಷ್ಟು, ಅದೂ ಮುನ್ಸೂಚನೆ ಇಲ್ದ! ಯಾವ ತಾಯಿ ಕೈಗೂ ಆಗಂಗಿಲ್ಲ, ಅದು ಪ್ರೀತಿ ಕಡಿಮಿ ಅಂತಲ್ಲ. ಹೊಸಪೇಟೆ ಹೈವೇನ್ಯಾಗ ಸ್ಪೀಡು 72 ಕಿಮೀ ಇದ್ರ, ಅಷ್ಟ ಟೈಮಿನ್ಯಾಗ ನಿಂತ್ರ, ಬಲ 2000 ನ್ಯೂಟನ್.

ಮಕ್ಕಳ ಸೀಟು ಮಗೂನ ಗಾಡಿಗೆ ಕಟ್ಟಿ ಹಿಡೀತೈತಿ, ನಿಲ್ಲೋ ಟೈಮು ಸ್ವಲ್ಪ ಹೆಚ್ಚಾಗ್ತೈತಿ, ಬಲ ಮೈತುಂಬ ಹಂಚ್ಕೊಂತೈತಿ. ತಾಯಿ ಬೆಲ್ಟಿನೊಳಗನ ಮಗೂನ ಸೇರಿಸಬ್ಯಾಡ್ರಿ, ಗುದ್ದಿದ್ರ ತಾಯಿ ಭಾರ ಪೂರಾ ಮಗು ಮ್ಯಾಲ ಬೀಳ್ತೈತಿ.

ಇಂಥ ಮೆಸೇಜ್ ಬಂದ್ರ ತೂಕ, ಸ್ಪೀಡು, ನಿಲ್ಲೋ ಟೈಮು ಮೂರೂ ಹೇಳ್ಯಾರೇನು ನೋಡ್ರಿ, ಟೈಮು ಬಿಟ್ಟಿದ್ರ ಲೆಕ್ಕ ಅರ್ಧಾನ. ಮನ್ಯಾಗ ಹೈಸ್ಕೂಲ್ ಹುಡುಗ್ರಿದ್ರ ನ್ಯೂಟನ್ನನ ಎರಡನೇ ನಿಯಮ (ಸಂವೇಗದ ಬದಲಾವಣೇನ ಟೈಮಿನಿಂದ ಭಾಗಿಸಿದ್ರ ಬಲ) ತೆಗೆಸಿ ಅವರ ಕೈಲೇ ಲೆಕ್ಕ ಮಾಡಿಸ್ರಿ, ಐದು ನಿಮಿಷದ ಕೆಲ್ಸ.