ಬಾ ಎಂದರೆ ಬಾರದವನು

ನಮ್ಮ ಮನೆಯ ನಾಯಿಗೆ ಗುಂಡ ಎಂದು ಹೆಸರಿಟ್ಟವರು ನನ್ನ ತಾಯಿ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಾಗಿದ್ದ ಆ ಮುಧೋಳ ತಳಿಯ ಮರಿಯನ್ನು ಕಂಡು, ಹೆಸರಿನ ಬಲದಿಂದಲಾದರೂ ಅದು ಮೈ ತುಂಬಿಕೊಳ್ಳಲಿ ಎಂದು ಅವರು ಆಸೆಪಟ್ಟಿರಬೇಕು. ಮೂರು ವರ್ಷ ಕಳೆದರೂ ಗುಂಡ ಗುಂಡಗಾಗಲಿಲ್ಲ; ಮೈಸೂರಿನ ನಮ್ಮ ಬಡಾವಣೆಯಲ್ಲಿ ನಾವು ನಾಯಿಗೆ ಅನ್ನ ಹಾಕದವರೆಂದು ಹೆಸರಾದೆವು. ಅದನ್ನಾದರೂ ಸಹಿಸಬಹುದು. ಕರೆದರೆ ಬಾರದ ನಾಯಿಯನ್ನು ಸಾಕಿದವರು ಎಂಬ ಇನ್ನೊಂದು ಹೆಸರನ್ನು ಸಹಿಸುವುದು ಕಷ್ಟ, ಏಕೆಂದರೆ ಅದು ನಿಜ.

ಎದುರು ಮನೆಯಲ್ಲಿ ಬ್ರೂನೋ ಎಂಬ ಲ್ಯಾಬ್ರಡಾರ್ ಇದೆ. ಅದರ ಯಜಮಾನರು ಗೇಟಿನ ಬಳಿ ನಿಂತು ಮೆಲ್ಲಗೆ ಅದರ ಹೆಸರು ಹೇಳಿದರೆ ಸಾಕು, ಬೀದಿಯ ಆ ತುದಿಯಲ್ಲಿದ್ದರೂ ಇಡೀ ಮೈಯನ್ನೇ ಬಾಲದಂತೆ ಅಲ್ಲಾಡಿಸುತ್ತ ಓಡಿಬಂದು ಅವರ ಕಾಲ ಬಳಿ ಕುಳಿತು ಮುಖ ನೋಡುತ್ತದೆ. ಅದೇ ಹೊತ್ತಿನಲ್ಲಿ ನಾನು ಖಾಲಿ ಸೈಟುಗಳ ನಡುವೆ ನಿಂತು 'ಗುಂಡಾ, ಬಾ' ಎಂದು ಏಳನೆಯ ಸಲ ಕೂಗುತ್ತಿರುತ್ತೇನೆ. ಗುಂಡ ದೂರದಲ್ಲಿ ಕತ್ತೆತ್ತಿ ನಿಂತಿರುತ್ತಾನೆ. ಅವನಿಗೆ ಕೇಳಿಸಿದೆ ಎಂಬುದು ನನಗೆ ಗೊತ್ತು, ಏಕೆಂದರೆ ಒಂದು ಕಿವಿ ನನ್ನ ಕಡೆಗೆ ಅರ್ಧ ಹೊರಳಿರುತ್ತದೆ. ಆದರೆ ಕಣ್ಣು ಮಾತ್ರ ಪಾರ್ಥೇನಿಯಮ್ ಪೊದೆಯಾಚೆ ಗಾಳಿಗೆ ಹಾರುತ್ತಿರುವ ಪ್ಲಾಸ್ಟಿಕ್ ಚೀಲದ ಮೇಲೆ. ಮರುಕ್ಷಣ ಅವನು ಅಲ್ಲಿ ಇರುವುದಿಲ್ಲ.

ಕೆಲವು ನಾಯಿಗಳು ಮಾತು ಕೇಳುತ್ತವೆ, ಕೆಲವು ಕೇಳುವುದಿಲ್ಲ ಎಂಬುದನ್ನು ಪಟ್ಟಿ ಮಾಡಿಟ್ಟವರೂ ಇದ್ದಾರೆ. ಕೆನಡಾದ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಕೋರೆನ್ ನಾಯಿಗಳ ವಿಧೇಯತೆಯ ಸ್ಪರ್ಧೆಗಳ ತೀರ್ಪುಗಾರರನ್ನು ಕೇಳಿ, 1994ರಲ್ಲಿ ತಳಿಗಳಿಗೆ ಅಂಕಪಟ್ಟಿಯಂಥದೊಂದನ್ನು ಪ್ರಕಟಿಸಿದರು. ಕುರಿ ಕಾಯುವ ಬಾರ್ಡರ್ ಕೋಲಿ ಮೊದಲನೆಯದು, ಲ್ಯಾಬ್ರಡಾರ್ ಏಳನೆಯದು, ಆಫ್ಘನ್ ಹೌಂಡ್ ಕಟ್ಟಕಡೆಯದು. ಮೊದಲ ಸಾಲಿನವು ನೂರಕ್ಕೆ ತೊಂಬತ್ತೈದು ಸಲ ಮೊದಲ ಆಜ್ಞೆಗೇ ಮಣಿದರೆ, ಕೊನೆಯ ಸಾಲಿನವು ಮಣಿಯುವುದು ಇಪ್ಪತ್ತೈದು ಸಲವೋ ಅದಕ್ಕೂ ಕಡಿಮೆಯೋ. ಮುಧೋಳ ಆ ಪಟ್ಟಿಯಲ್ಲಿಲ್ಲ. ಆದರೆ ಕಟ್ಟಕಡೆಯ ಬೆಂಚಿನಲ್ಲಿ ಕುಳಿತ ಆಫ್ಘನ್ ಹೌಂಡ್, ಉದ್ದ ಮೂತಿ, ಉದ್ದ ಕಾಲು, ಸಣ್ಣ ಸೊಂಟಗಳಲ್ಲಿ ನಮ್ಮ ಗುಂಡನ ದಾಯಾದಿಯಂತೆಯೇ ಕಾಣುತ್ತದೆ. ಈ ಎರಡು ತಳಿಗಳೂ ಮೂಗಿಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ಜಾತಿಯವು.

ಹಾಗಾದರೆ ಈ ಜಾತಿಯೇ ದಡ್ಡ ಜಾತಿಯೇ? ನನಗೆ ಹಾಗೆನ್ನಿಸುವುದಿಲ್ಲ, ಮತ್ತು ಇದನ್ನು ಸ್ವಂತ ನಾಯಿಯ ಮೇಲಿನ ಮೋಹದಿಂದಷ್ಟೇ ಹೇಳುತ್ತಿಲ್ಲ. ಲ್ಯಾಬ್ರಡಾರಿನ ಹಿರಿಯರು ಬಂದೂಕು ಹಿಡಿದವನ ಪಕ್ಕದಲ್ಲಿ ತೆಪ್ಪಗೆ ಕುಳಿತು, ಹಕ್ಕಿ ಬಿದ್ದ ಮೇಲೆ ಅಪ್ಪಣೆ ಪಡೆದು ಹೋಗಿ, ಹಲ್ಲು ತಾಗದಂತೆ ಕಚ್ಚಿ ತಂದು ಯಜಮಾನನ ಕೈಗೇ ಒಪ್ಪಿಸಬೇಕಾಗಿತ್ತು. ಮನುಷ್ಯನ ಮುಖ ನೋಡದೆ ಆ ಕೆಲಸ ಒಂದು ಹೆಜ್ಜೆಯೂ ಸಾಗದು. ಬಾಗಲಕೋಟೆ ಸೀಮೆಯ ಬಯಲಿನಲ್ಲಿ ಮೊಲದ ಬೆನ್ನು ಹತ್ತಿದ ಗುಂಡನ ಹಿರಿಯರಿಗೆ ಅಂಥ ಪುರಸೊತ್ತು ಎಲ್ಲಿತ್ತು? ಮೊಲ ಎಡಕ್ಕೆ ಹೊರಳಿದ ಗಳಿಗೆಯಲ್ಲಿ ಹಿಂದಿರುಗಿ 'ಯಜಮಾನರೇ, ಈಗೇನು ಮಾಡಲಿ' ಎಂದು ನೋಡುವ ನಾಯಿಗೆ ಮೊಲ ಸಿಕ್ಕುವುದಿಲ್ಲ, ಅಂಥ ನಾಯಿಯ ಮರಿಗಳನ್ನು ಯಾರೂ ಕೇಳಿ ಒಯ್ಯುವುದಿಲ್ಲ. ಹೀಗೆ ಎಷ್ಟೋ ತಲೆಮಾರುಗಳ ಕಾಲ, ಹಿಂದಿರುಗಿ ನೋಡದವನನ್ನೇ ಆರಿಸಿ ಆರಿಸಿ ಬೆಳೆಸಿದವರೂ ಮನುಷ್ಯರೇ. ಈಗ ನಾನು ಮೂವತ್ತು-ನಲವತ್ತರ ಸೈಟಿನಲ್ಲಿ ನಿಂತು, ಹಿಂದಿರುಗಿ ನೋಡುವುದಿಲ್ಲವೆಂದು ಅವನನ್ನು ಬೈಯುತ್ತಿದ್ದೇನೆ.

ಬ್ರೂನೋವಿನ ಸದ್ಗುಣದಲ್ಲಿ ಹೊಟ್ಟೆಯ ಪಾಲೂ ಇದೆ ಎಂದು ತಿಳಿದ ದಿನ ನನಗೆ ಸ್ವಲ್ಪ ಸಣ್ಣತನದ ಸಂತೋಷವಾಯಿತು. 2016ರಲ್ಲಿ ಕೇಂಬ್ರಿಡ್ಜಿನ ಸಂಶೋಧಕರು ಲ್ಯಾಬ್ರಡಾರುಗಳ ಒಂದು ಜೀನಿನಲ್ಲಿ ಕೊರತೆಯೊಂದನ್ನು ಗುರುತಿಸಿದರು. ಸುಮಾರು ಕಾಲುಭಾಗದಷ್ಟು ಲ್ಯಾಬ್ರಡಾರುಗಳಲ್ಲಿರುವ ಈ ಕೊರತೆ ಹಸಿವನ್ನು ಹೆಚ್ಚಿಸುತ್ತದೆ, ಮತ್ತು ಅಂಗವಿಕಲರ ನೆರವಿಗೆಂದು ಪಳಗಿಸಿದ ನಾಯಿಗಳಲ್ಲಿ ಅದು ಇನ್ನೂ ಹೆಚ್ಚಾಗಿ ಕಂಡುಬಂದಿತು. ಬಿಸ್ಕತ್ತಿಗಾಗಿ ಏನು ಬೇಕಾದರೂ ಕಲಿಯುವವನಿಗೆ ಕಲಿಸುವುದು ಸುಲಭ. ಗುಂಡ ಬಿಸ್ಕತ್ತನ್ನು ಮೂಸಿ, ನನ್ನ ಮನಸ್ಸು ನೋಯಬಾರದೆಂಬಂತೆ ಒಮ್ಮೆ ನೆಕ್ಕಿ, ಅಲ್ಲೇ ಬಿಟ್ಟು ಹೋಗುತ್ತಾನೆ.

ಇಷ್ಟೆಲ್ಲ ಹೇಳಿ ತಪ್ಪನ್ನು ತಳಿಯ ತಲೆಗೆ ಕಟ್ಟಿ ಸುಮ್ಮನಾಗಬಹುದಿತ್ತು. ಆದರೆ 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳನ್ನು ಸಾಕಿದವರಿಂದ ವಿವರ ಪಡೆದು, ಒಂದು ನಾಯಿಗೂ ಇನ್ನೊಂದಕ್ಕೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ನೂರಕ್ಕೆ ಒಂಬತ್ತು ಪಾಲು ಮಾತ್ರ ಎಂದುಬಿಟ್ಟರು. ಮಾತು ಕೇಳುವ ಗುಣದಲ್ಲಿ ತಳಿಯ ಪಾಲು ಉಳಿದ ಗುಣಗಳಿಗಿಂತ ಹೆಚ್ಚೆಂದೂ ಅವರೇ ಹೇಳಿದ್ದಾರೆ, ನಿಜ. ಮೀರತ್ತಿನ ಸೇನಾ ಕೇಂದ್ರಕ್ಕೆ 2016ರಲ್ಲಿ ತರಬೇತಿಗೆಂದು ಹೋದ ಮುಧೋಳದ ಮರಿಗಳೂ ಇವೆಯೆಂಬುದನ್ನು ನೆನೆದಾಗ ಮಾತ್ರ, ಉಳಿದ ಪಾಲಿಗೆ ಉತ್ತರ ಹೇಳಬೇಕಾದವನು ನಾನೇ ಎಂದು ತೋರಿತು.

ಆಗ ಮನೆಯೊಳಗೆ ಕಿವಿಗೊಟ್ಟೆ. ಅಮ್ಮ ಗುಂಡನಿಗೆ 'ಕೂತ್ಕೊಳೋ ಕಂದ' ಎನ್ನುತ್ತಾರೆ. ಮಗ 'ಸಿಟ್' ಎನ್ನುತ್ತಾನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ಬದುಕಿದ ನಾನು, ನಾಯಿಯ ಮುಂದೆಯೂ ವ್ಯಾಕರಣ ಬಿಡಲಾರದೆ, 'ಕುಳಿತುಕೋ' ಎನ್ನುತ್ತೇನೆ. ನಮಗೆ ಇವೆಲ್ಲ ಒಂದೇ ಅರ್ಥದ ಮಾತುಗಳು. ಅರ್ಥ ಗೊತ್ತಿಲ್ಲದೆ ಬರಿಯ ಸದ್ದನ್ನು ಹಿಡಿದು ನಡೆಯಬೇಕಾದವನಿಗೆ ಮೂರು ಬೇರೆ ಬೇರೆ ಸದ್ದುಗಳು. ಇನ್ನು 'ಬಾ' ಎಂಬುದಾದರೋ ಎಲ್ಲರ ಬಾಯಲ್ಲೂ ಒಂದೇ, ಆದರೆ ಅದನ್ನು ನಾವು ಆಡುವುದು ಯಾವಾಗ? ಸ್ನಾನ ಮಾಡಿಸುವಾಗ, ಸರಪಳಿ ಹಾಕುವಾಗ, ಆಟ ಮುಗಿಸಿ ಮನೆಗೆ ಎಳೆದೊಯ್ಯುವಾಗ. ಪ್ಲಾಸ್ಟಿಕ್ ಚೀಲದ ಬೇಟೆ ಮುಗಿಸಿ ಅವನು ತಾನಾಗಿ ಮರಳಿದ ದಿನ ನಾನು ಮಾಡಿದ್ದು ಬೆನ್ನಿಗೆ ಒಂದು ಬಾರಿಸಿದ್ದು. ಓಡಿದ್ದಕ್ಕೆ ಶಿಕ್ಷೆ ಎಂದುಕೊಂಡೆ. ಅವನ ಲೆಕ್ಕದಲ್ಲಿ ಅದು ಬಂದಿದ್ದಕ್ಕೆ ಸಿಕ್ಕ ಬಹುಮಾನ. ಮೂರು ವರ್ಷ ಗುಂಡ ಏನೂ ಕಲಿಯಲಿಲ್ಲ ಎಂದು ನಾನು ದೂರುತ್ತಿದ್ದ ಕಾಲದಲ್ಲೆಲ್ಲ, 'ಬಾ' ಎಂದರೆ ಹೋಗಬಾರದು ಎಂಬುದನ್ನು ಅವನು ನನ್ನಿಂದಲೇ ಚೆನ್ನಾಗಿ ಕಲಿತಿದ್ದ.

ಕಳೆದ ತಿಂಗಳು ಅತ್ತೆಯವರು ಊರಿನಿಂದ ಬಂದಿದ್ದರು. ಮುಧೋಳದ ಹತ್ತಿರದ ಹಳ್ಳಿಯಲ್ಲಿ, ಗುಂಡ ಕಣ್ಣು ಬಿಟ್ಟಂದಿನಿಂದ ನಾಲ್ಕು ತಿಂಗಳ ತನಕ ಅವನಿಗೆ ರೊಟ್ಟಿಯ ಚೂರು ಹಾಕಿದ ಕೈ ಅವರದು. ಅವರಿಗೆ ಚಹಾ ತಂದು ಕೊಟ್ಟು ನಾನು ಅಲ್ಲೇ ನಿಂತಿದ್ದೆ. ನಾನು ನಿಂತೇ ಇರುವುದನ್ನು ಕಂಡು ಸಂಕೋಚಪಟ್ಟ ಅವರು ಕುರ್ಚಿಯತ್ತ ಕೈ ತೋರಿಸಿ, 'ಕುಂದರ್ರಿ' ಎಂದರು. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ, ಬಾಗಿಲ ಬಳಿ ನಿಂತಿದ್ದ ಗುಂಡ ಹಿಂಗಾಲು ಮಡಚಿ ನೆಟ್ಟಗೆ ಕುಳಿತಿದ್ದ.