ಬಾಚಣಿಗೆಯ ಕೂದಲು ತಂದ ಅಪ್ಪ

ಮೊನ್ನೆ ಮಂಡಿಪೇಟೆಯ ಪರಿಚಯದ ವ್ಯಾಪಾರಿಯೊಬ್ಬರು ನಾನು ಕೆಲಸ ಮಾಡುವ ಲ್ಯಾಬಿಗೆ ಬಂದರು. ಶುಗರ್ ಟೆಸ್ಟಿಗಲ್ಲ. ಜೇಬಿನಿಂದ ಮಡಚಿದ ಪೇಪರ್ ತೆಗೆದು ಬಿಚ್ಚಿದರು. ಮಗನ ಬಾಚಣಿಗೆಯಿಂದ ಬಿಡಿಸಿಕೊಂಡ ಕೂದಲು. "ಇವನು ಗಾಂಜಾ ಸೇದ್ತಾನೋ ಇಲ್ವೋ ನೋಡಿ ಹೇಳಪ್ಪ. ಅವನಿಗೆ ಗೊತ್ತಾಗೋದು ಬೇಡ."

2020ರ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣದಲ್ಲಿ ಆರೋಪಿಗಳ ಕೂದಲು ಪರೀಕ್ಷೆಗೆ ಹೈದರಾಬಾದಿಗೆ ಹೋದದ್ದನ್ನು ಟೀವಿಯಲ್ಲಿ ನೋಡಿದಾಗಿನಿಂದ ಜನಕ್ಕೆ ಕೂದಲೆಂದರೆ ದೇವರ ಮುಂದೆ ಪ್ರಮಾಣ ಮಾಡಿದ ಸಾಕ್ಷಿ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಬುಡದ 3 ಸೆಂ.ಮೀ. ಅಂದ್ರೆ ಹೆಚ್ಚುಕಡಿಮೆ 3 ತಿಂಗಳ ಲೆಕ್ಕ. ಅದಕ್ಕೆ ನೆತ್ತಿಯ ಹಿಂಭಾಗದಲ್ಲಿ ಚರ್ಮಕ್ಕೆ ತಾಗಿಸಿ ಪೆನ್ಸಿಲ್ ದಪ್ಪ ಕತ್ತರಿಸಿ, ಬುಡ ಯಾವುದು ಅಂತ ಗುರುತು ಹಾಕಬೇಕು. ಬಾಚಣಿಗೆಯದು ಉದುರಿದ ಕೂದಲು, ಬೆಳೆಯೋದು ಯಾವತ್ತೋ ನಿಂತಿರುತ್ತೆ. ಅದೂ ಮಗನದ್ದೇ ಅಂತ ಏನು ಗ್ಯಾರಂಟಿ? ಆ ಬಾಚಣಿಗೆಯಲ್ಲಿ ಅಪ್ಪನೂ ತಲೆ ಬಾಚಿರಬಹುದು! ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು.

ನನಗೆ ಸಿಟ್ಟು ಬರೋದು ಬೇರೆ ಕಡೆ. ಗಾಂಜಾದಲ್ಲಿ ನಶೆ ಏರಿಸೋ ಟಿಎಚ್‌ಸಿ ಅನ್ನೋ ವಸ್ತು ಹೊಗೆಯಿಂದ, ಕೈಯಿಂದ ಕೂದಲಿಗೆ ಅಂಟಬಹುದು. ಅದಕ್ಕೇ ಯಕೃತ್ತು ಅದನ್ನು ಒಡೆದಾಗ ಹುಟ್ಟುವ ಇನ್ನೊಂದು ವಸ್ತುವನ್ನು ಹುಡುಕ್ತಾರೆ; ಅದು ಸಿಕ್ಕರೆ ಸೇದಿದ್ದು ಖಾತ್ರಿ ಅನ್ನೋ ನಂಬಿಕೆ ಇತ್ತು. ಆ ವಸ್ತುವನ್ನು ಅಳೆಯೋದು ಪಿಕೋಗ್ರಾಂನಲ್ಲಿ, ಅಂದ್ರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. 2015ರಲ್ಲಿ ಜರ್ಮನಿಯ ಫ್ರೈಬರ್ಗಿನ ಸಂಶೋಧಕರು ಆ ನಂಬಿಕೆಯನ್ನೇ ಅಲುಗಾಡಿಸಿದರು. ಸೇದುವವರ ಬೆವರು, ಚರ್ಮದ ಜಿಡ್ಡಿನಿಂದ ಅದೂ ಸೇದದವರ ಕೂದಲಿಗೆ ದಾಟಬಹುದಂತೆ. ತಮಾಷೆ ಅಂದ್ರೆ, ಟಿಎಚ್‌ಸಿ ಮಾತ್ರೆ ಒಂದು ತಿಂಗಳು ನುಂಗಿಸಿ ನೋಡಿದರೆ ನುಂಗಿದವರ ಕೂದಲಲ್ಲಿ ಟಿಎಚ್‌ಸಿ ಪತ್ತೆಯೇ ಆಗಲಿಲ್ಲ.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ ಅನ್ನೋದು ನಮ್ಮ ಕಡೆ ಹಳೇ ಮಾತು. ಈಗ ಅದಕ್ಕೆ ಲ್ಯಾಬ್ ರಿಪೋರ್ಟೂ ಸಿಗುತ್ತೆ. ಹಾಸ್ಟೆಲ್ಲಿನಲ್ಲಿ ಸೇದುವ ರೂಮ್‌ಮೇಟ್ ಪಕ್ಕ ಮಲಗೋ ಹುಡುಗನನ್ನು ಬರೀ ಕೂದಲಿನ ಕಾಗದ ಹಿಡಿದು ಕಾಲೇಜಿನಿಂದಲೋ ಕೆಲಸದಿಂದಲೋ ಹೊರಗೆ ಹಾಕೋದು ಅನ್ಯಾಯ ಅಂತಲೇ ನನ್ನ ವಾದ. ಕೂದಲು ಟೆಸ್ಟೇ ಸುಳ್ಳು ಅಂತಿಲ್ಲ. ಬೇರೆ ಸಾಕ್ಷಿಯ ಜೊತೆ ಅದಕ್ಕೂ ಬೆಲೆ ಇದೆ.

ಇತ್ತೀಚೆಗೆ ಮಗ ಸೇದಿದ್ದಾನಾ ತಿಳೀಬೇಕಂದ್ರೆ ಮೂತ್ರದ ಟೆಸ್ಟ್ ಇದೆ, ಅವನನ್ನೇ ಕರ್ಕೊಂಡು ಬನ್ನಿ ಅಂದೆ. ಪೇಪರ್ ಮಡಚಿ ಜೇಬಿಗೆ ಹಾಕ್ಕೊಂಡರು. ಬಾಗಿಲವರೆಗೆ ಹೋಗಿ ತಿರುಗಿ ಕೇಳಿದರು, "ಮೂತ್ರದ್ದು ಅವನಿಗೆ ಗೊತ್ತಾಗದಂಗೆ ಆಗಲ್ವಾ?"