ಪ್ರೀತಿಯ ಖಾತೆ-ಕಿರ್ದಿ

ಸಂತ ವ್ಯಾಲೆಂಟೈನ್ ಯಾರೆಂಬುದು ಕ್ಯಾಥೊಲಿಕ್ ಚರ್ಚಿಗೇ ಖಾತ್ರಿಯಿರಲಿಲ್ಲವಾದ್ದರಿಂದ 1969ರಲ್ಲಿ ಅದು ಫೆಬ್ರುವರಿ 14ರ ಆತನ ಹಬ್ಬವನ್ನು ತನ್ನ ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟಿತು. ಜಪಾನಿನ ಮಿಠಾಯಿ ವ್ಯಾಪಾರಿಗಳನ್ನು ಇಂಥ ಸಂಶಯ ಎಂದೂ ಬಾಧಿಸಿದ್ದಿಲ್ಲ. ಕೋಬೆಯ ಮೊರೊಜೊಫ್ ಕಂಪನಿ 1936ರಷ್ಟು ಹಿಂದೆಯೇ, ವಿದೇಶಿಯರು ಓದುವ ಇಂಗ್ಲಿಷ್ ಪತ್ರಿಕೆಯಲ್ಲಿ ಪ್ರೇಮಿಗಳ ದಿನದ ಚಾಕೊಲೇಟಿಗೆ ಜಾಹೀರಾತು ಕೊಟ್ಟಿತ್ತು. 1958ರಲ್ಲಿ ಟೋಕಿಯೊದ ಇಸೆತಾನ್ ಮಳಿಗೆಯಲ್ಲಿ ಮೇರಿ ಚಾಕೊಲೇಟ್ ಕಂಪನಿ ಮೂರು ದಿನ ಕಾದು ಕುಳಿತಾಗ ಗಲ್ಲಾಪೆಟ್ಟಿಗೆಗೆ ಬಿದ್ದದ್ದು 170 ಯೆನ್: ಮೂರು ಚಾಕೊಲೇಟು, ಒಂದು ಕಾರ್ಡು. ಬೇರೆ ಯಾರಾದರೂ ಆಗಿದ್ದರೆ ಕದ ಹಾಕಿಕೊಂಡು ಹೋಗುತ್ತಿದ್ದರು. ಇವರು ಮಾತ್ರ ಹೆಂಗಸರೇ ಗಂಡಸರಿಗೆ ಕೊಡಬೇಕೆಂಬ ಹೊಸ ಶಾಸ್ತ್ರವನ್ನು ಹಿಡಿದುಕೊಂಡು ಮತ್ತೆ ಬಂದರು.

ಆದರೆ ಮನಸ್ಸಿಗೆ ಹಿಡಿದವನಿಗಷ್ಟೇ ಕೊಡುವುದಾದರೆ ಒಬ್ಬೊಬ್ಬಳಿಗೆ ಒಂದೇ ಪೊಟ್ಟಣ ಸಾಕಲ್ಲ! ಹಾಗಾಗಿ ಪ್ರೀತಿಯ ಲವಲೇಶವೂ ಇಲ್ಲದ ‘ಗಿರಿ ಚೊಕೊ’, ಅಂದರೆ ಹಂಗಿನ ಚಾಕೊಲೇಟ್, ಕಚೇರಿಗಳಿಗೆ ನುಗ್ಗಿತು. ಮೇಲಧಿಕಾರಿಗೂ ಪಕ್ಕದ ಮೇಜಿನವನಿಗೂ ಕೊಡಲೇಬೇಕು. ಬೆಲೆ ತುಸು ಹೆಚ್ಚಾದರೆ ಆತ ಕನಸು ಕಾಣತೊಡಗುತ್ತಾನೆ, ತುಸು ಕಡಿಮೆಯಾದರೆ ಮುಖ ಊದಿಸಿಕೊಳ್ಳುತ್ತಾನೆ. ಈ ಧರ್ಮಸಂಕಟವನ್ನು ಅರಿತ ‘ಬ್ಲ್ಯಾಕ್ ಥಂಡರ್’ ತಯಾರಕರು, ತಮ್ಮ ಅಗ್ಗದ ತಿನಿಸನ್ನು ಕಂಡ ಕೂಡಲೇ ಅದು ಬರೀ ಹಂಗಿನದೆಂದು ಯಾರಿಗಾದರೂ ತಿಳಿಯುತ್ತದೆಂದು ಹೆಮ್ಮೆಯಿಂದಲೇ ಪ್ರಚಾರ ಮಾಡಿದರು. ಪ್ರೇಮಿಗಳ ದಿನದ ಸರಕಿಗೆ, ಇದರಲ್ಲಿ ಪ್ರೇಮವಿಲ್ಲ ಎನ್ನುವುದೇ ಖಾತರಿಯ ಮುದ್ರೆಯಾದದ್ದು ಹೀಗೆ.

ಮದುವೆ ಮನೆಯ ಮುಯ್ಯಿಯಂತೆ ಇದನ್ನೂ ತಿರುಗಿಸಬೇಕಲ್ಲವೇ? ಫುಕುವೊಕಾದ ಇಶಿಮುರಾ ಮನ್ಸೈದೊ ಎಂಬ ಮಿಠಾಯಿ ಅಂಗಡಿಯ ಮಾಲೀಕರು, ಗಂಡಸರು ಪ್ರತಿಯಾಗಿ ಏನನ್ನೂ ಕೊಡುವುದಿಲ್ಲವೆಂದು ಮಹಿಳೆಯೊಬ್ಬರು ಪತ್ರಿಕೆಗೆ ಬರೆದ ದೂರನ್ನು ಓದಿ, 1978ರ ಮಾರ್ಚ್ 14ರಂದು, ಮೆತ್ತನೆಯ ಬಿಳಿ ಮಿಠಾಯಿಯೊಂದರ ಹೆಸರಿನಲ್ಲಿ, ‘ಮಾರ್ಷ್‌ಮ್ಯಾಲೊ ದಿನ’ವನ್ನು ಆರಂಭಿಸಿದರು. ಅವಳಿತ್ತ ಚಾಕೊಲೇಟನ್ನು ತನ್ನ ಬಿಳಿಯ ಮೃದುತ್ವದಲ್ಲಿ ಸುತ್ತಿ ಹಿಂತಿರುಗಿಸುವುದು ಅದರ ತತ್ತ್ವಜ್ಞಾನ. ಆ ಅಂಗಡಿ ಮಾರುತ್ತಿದ್ದದ್ದೂ ಮಾರ್ಷ್‌ಮ್ಯಾಲೊವನ್ನೇ ಎಂಬುದು ಕಾಕತಾಳೀಯವೆಂದು ನಂಬೋಣ. ಮುಂದೆ ಮಿಠಾಯಿ ತಯಾರಕರ ಸಂಘವೇ ಮುಂದೆ ನಿಂತು ಅದನ್ನು ದೇಶವ್ಯಾಪಿ ‘ವೈಟ್ ಡೇ’ ಆಗಿಸಿತು. ಪಡೆದದ್ದಕ್ಕೆ ಮೂರು ಪಟ್ಟು ಹಿಂತಿರುಗಿಸಬೇಕೆಂಬ ಮಾತೂ ಹುಟ್ಟಿಕೊಂಡಿತು. ತಿಂಗಳೊಪ್ಪತ್ತಿಗೆ ಇಷ್ಟು ಬಡ್ಡಿಯನ್ನು ನಮ್ಮ ಊರಿನ ಮೀಟರ್ ಬಡ್ಡಿಯವರೂ ಕೇಳಲಾರರು. ನೆರೆಯ ದಕ್ಷಿಣ ಕೊರಿಯಾದಲ್ಲಂತೂ ಎರಡೂ ದಿನ ಕೈ ಖಾಲಿ ಉಳಿದವರು ಏಪ್ರಿಲ್ 14ರಂದು ಸೋಯಾ ಅವರೆಯ ಕಪ್ಪು ಸಾಸಿನ ನೂಡಲ್ಸ್ ತಿಂದು ಶೋಕ ಆಚರಿಸುತ್ತಾರೆ, ಅದಕ್ಕೂ ದುಡ್ಡು ಕೊಟ್ಟೇ.

2018ರ ಫೆಬ್ರುವರಿ 1ರಂದು ಗೊಡೈವಾ ಕಂಪನಿ ಜಪಾನಿನ ಪತ್ರಿಕೆಯೊಂದರ ಇಡೀ ಪುಟದಲ್ಲಿ, ಹಂಗಿನ ಚಾಕೊಲೇಟನ್ನು ಇನ್ನು ನಿಲ್ಲಿಸೋಣವೆಂದು ದೇಶಕ್ಕೆ ಕರೆಕೊಟ್ಟಿತು. ದುಬಾರಿ ಚಾಕೊಲೇಟಿನ ವ್ಯಾಪಾರಿಗೆ ಅಗ್ಗದ ಚಾಕೊಲೇಟಿನಲ್ಲಿ ಪ್ರೀತಿಯ ಕೊರತೆ ಕಂಡದ್ದು ಸಹಜವೇ. ಈಗ ಅಲ್ಲಿನ ಹೆಂಗಸರು ಫೆಬ್ರುವರಿಯಲ್ಲಿ ದೊಡ್ಡ ಮಳಿಗೆಗಳ ಮುಂದೆ ಸಾಲುಗಟ್ಟಿ, ಅತ್ಯುತ್ತಮ ಚಾಕೊಲೇಟನ್ನು ತಮಗಾಗಿಯೇ ಕೊಳ್ಳುತ್ತಿದ್ದಾರೆ. ಆ ಮುಯ್ಯಿಯನ್ನು ಮಾರ್ಚ್ 14ರಂದು ಯಾರಿಂದ ವಸೂಲು ಮಾಡಬೇಕೆಂಬುದನ್ನು ಮಿಠಾಯಿ ಸಂಘ ಇನ್ನೂ ತೀರ್ಮಾನಿಸಿದಂತಿಲ್ಲ.